ಹೆಬ್ಬೆರಳಿನ ಅಳತೆ

ಪಾತ್ರೆಗೆ ಕಲಾಯಿ ಹಾಕುವಾಗ ಏಳುವ ನವಸಾಗರದ ಹೊಗೆಗೆ ಒಂದು ವಾಸನೆಯಿದೆ. ಮೂಗಿನೊಳಗೆ ಸಣ್ಣ ಸೂಜಿಯಾಡಿಸಿದ ಹಾಗೆ ಚುಚ್ಚುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ, ಆದರೂ ಇನ್ನೊಮ್ಮೆ ಮೂಸಬೇಕೆನಿಸುತ್ತದೆ. ಅರವತ್ತಮೂರರ ಹಾಲವ್ವನಿಗೆ ಸಿಂದಗಿಯ ತಮ್ಮ ಓಣಿ ನೆನಪಾಗುವುದು ಮೊದಲು ಆ ವಾಸನೆಯಿಂದ. ಬೇವಿನ ಮರದ ಕೆಳಗೆ ಕಲಾಯಿಗಾರ ಇಮಾಮಸಾಬ ನೆಲ ತೋಡಿ ಒಲೆ ಹೂಡುತ್ತಿದ್ದ. ಕಾದ ತಾಮ್ರದ ಹಂಡೆಗೆ ಒಂದು ಚಿಟಿಕೆ ಬಿಳಿ ಪುಡಿ ಉದುರಿಸಿದರೆ ಬುಸ್ಸೆಂದು ಹೊಗೆ. ಆ ಹೊಗೆ ಕರಗುವಷ್ಟರಲ್ಲಿ ತವರ ಹರಡಿ ಹಂಡೆಯ ಒಳಮೈ ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ತಿದಿ ಒತ್ತುತ್ತಿದ್ದವನು ಅವನ ಮಗ ಚಾಂದಸಾಬ.

ಅದೇ ಚಾಂದಸಾಬನ ಎದುರಿನ ಕುರ್ಚಿಯಲ್ಲಿ ಕುಳಿತು ಹಾಲವ್ವ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮುಂಬಯಿಯ ಜೋಗೇಶ್ವರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಎರಡು ಕೋಣೆಯಷ್ಟು ಜಾಗದ ಕಾರ್ಖಾನೆ ಅದು. ಎಡಕ್ಕೆ ರಬ್ಬರ್ ವಾಷರ್ ಮಾಡುವವರು, ಬಲಕ್ಕೆ ಮಿಠಾಯಿ ಡಬ್ಬಿಗೆ ಬಣ್ಣದ ಕಾಗದ ಅಂಟಿಸುವವರು. ಇವರು ಮಾಡುತ್ತಿದ್ದದ್ದು ಆಪರೇಷನ್ನಿನ ಸಾಮಾನು. ಬೆಸುಗೆಯ ಕಡ್ಡಿಯ ತುದಿಯನ್ನು ಚೊಕ್ಕ ಮಾಡಲು ಚಾಂದಸಾಬ ಅಪ್ಪನ ಕಾಲದ ಹಾಗೇ ಒಂದು ನವಸಾಗರದ ಗಟ್ಟಿ ಇಟ್ಟುಕೊಂಡಿದ್ದ. ಬೆಳಿಗ್ಗೆ ಮುಲುಂಡ್‌ನಿಂದ ಬಸ್ಸು ಹಿಡಿದು ಬಂದು ಹಾಲವ್ವ ಬಾಗಿಲು ದಾಟುವ ಹೊತ್ತಿಗೆ ಅವನು ಕಾದ ಕಡ್ಡಿಯನ್ನು ಅದಕ್ಕೆ ಉಜ್ಜುತ್ತಿರುತ್ತಿದ್ದ. ಒಂದು ಎಳೆ ಬಿಳಿ ಹೊಗೆ. ಹಾಲವ್ವ ದಿನವೂ ಸಿಂದಗಿಯನ್ನು ದಾಟಿಯೇ ಕೆಲಸಕ್ಕೆ ಕೂಡುತ್ತಿದ್ದಳು.

ಕುರ್ಚಿ ಅವಳ ಗಂಡ ನಿಂಗಣ್ಣನದು. ಚಾಂದಸಾಬ, ನಿಂಗಣ್ಣ ಇಬ್ಬರೂ ಒಟ್ಟಿಗೆ ಮುಂಬಯಿಗೆ ಬಂದು, ಒಂದೇ ಚಾಳಿನಲ್ಲಿ ಮಲಗಿ, ಒಟ್ಟಿಗೆ ಈ ಕಾರ್ಖಾನೆ ಹಾಕಿದವರು. ಒಬ್ಬ ಮಾಡುವವನು, ಒಬ್ಬ ಪರೀಕ್ಷಿಸುವವನು. ನಿಂಗಣ್ಣ ಹೃದಯ ನಿಂತು ಹೋದ ಮೇಲೆ ಹದಿನೈದು ದಿನಕ್ಕೆ ಚಾಂದಸಾಬ ಮುಲುಂಡಿನ ಮನೆಗೆ ಬಂದು, ಚಹಾ ಕುಡಿದು, "ವೈನಿ, ಕುರ್ಚಿ ಖಾಲಿ ಐತಿ. ಇನ್ನೊಬ್ಬರನ್ನ ಕೂಡಸಾಕ ನನಗ ಮನಸ್ಸಿಲ್ಲ" ಎಂದಷ್ಟೇ ಹೇಳಿದ್ದ.

ಅವರು ಮಾಡುವುದರಲ್ಲೆಲ್ಲ ನಾಜೂಕಾದದ್ದು ಮೂಗಿನ ಚಿಮಟ. ಮಿದುಳಿನ ಅಡಿಯಲ್ಲಿ, ಮೂಗಿನ ಹಿಂದುಗಡೆ, ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಿದೆ. ಅದರಲ್ಲಿ ಗಡ್ಡೆ ಬೆಳೆದರೆ ಡಾಕ್ಟರರು ತಲೆಬುರುಡೆ ಬಿಚ್ಚದೆ ಮೂಗಿನ ಹೊಳ್ಳೆಯಿಂದಲೇ ಒಳಗೆ ಹೋಗಿ ತೆಗೆಯುತ್ತಾರೆ. ಅಲ್ಲಿ ರಕ್ತ ಒಸರಿದರೆ ಕೈ ಹಾಕಿ ಒತ್ತಿ ಹಿಡಿಯುವಷ್ಟು ಜಾಗವಿಲ್ಲ. ಗೇಣುದ್ದದ, ಪೆನ್ಸಿಲ್ಲಿಗಿಂತ ತೆಳುವಾದ ಈ ಚಿಮಟವೇ ಹೋಗಬೇಕು. ಹಿಡಿಯನ್ನು ಒತ್ತಿದರೆ ತುದಿಯ ಎರಡು ಮೊನೆಗಳು ಕೂಡುತ್ತವೆ. ಕಾಲಲ್ಲಿ ಪೆಡಲ್ ತುಳಿದರೆ ಆ ಎರಡು ಮೊನೆಗಳ ನಡುವೆ ಮಾತ್ರ ಕರೆಂಟು ಹರಿದು ಒಸರುವ ರಕ್ತನಾಳ ಬೆಂದು ಮುಚ್ಚಿಕೊಳ್ಳುತ್ತದೆ. ಮೊನೆಯೊಂದು ಬಿಟ್ಟು ಉಳಿದ ಮೈಗೆಲ್ಲ ಕರೆಂಟು ದಾಟದ ಕಪ್ಪು ಲೇಪ. ಆ ಲೇಪದಲ್ಲಿ ಕೂದಲೆಳೆಯ ತೂತಿದ್ದರೂ ರೋಗಿಯ ಮೂಗು ಸುಟ್ಟೀತು. ತೂತು ಹುಡುಕುವುದೇ ಹಾಲವ್ವನ ಕೆಲಸ. ಗಾಜಿನ ಲೋಟದಲ್ಲಿ ಉಪ್ಪುನೀರು, ನೀರಿಗೆ ಒಂದು ತಂತಿ, ಚಿಮಟಕ್ಕೆ ಒಂದು ತಂತಿ. ಮೊನೆಗೆ ರಬ್ಬರಿನ ಟೊಪ್ಪಿಗೆ ತೊಡಿಸಿ ಲೇಪದ ಭಾಗವನ್ನು ನಿಧಾನವಾಗಿ ನೀರಿಗೆ ಇಳಿಸಬೇಕು. ತೂತಿದ್ದರೆ ಪೆಟ್ಟಿಗೆ ಗುಂಯ್ ಅನ್ನುತ್ತದೆ. ಪ್ರತಿಯೊಂದನ್ನೂ ಎರಡು ಸಲ ಇಳಿಸುವುದು ನಿಂಗಣ್ಣ ಹಾಕಿದ ರೂಢಿ.

ಚಾಂದಸಾಬನದೂ ಒಂದು ರೂಢಿಯಿತ್ತು. ಹಿಡಿಯ ಎರಡು ತೋಳುಗಳ ನಡುವೆ ಎಷ್ಟು ಸಂದು ಇರಬೇಕೆಂಬುದನ್ನು ಅವನು ಯಾವ ಪಟ್ಟಿಯಿಂದಲೂ ಅಳೆಯುತ್ತಿರಲಿಲ್ಲ. ತನ್ನ ಬಲಗೈ ಹೆಬ್ಬೆರಳನ್ನು ಅಡ್ಡ ಇಟ್ಟು ತೋಳುಗಳನ್ನು ಬಗ್ಗಿಸುತ್ತಿದ್ದ. ಸಂದು ಹೆಚ್ಚಾದರೆ ಮೊನೆಯೂ ಹೆಚ್ಚು ತೆರೆಯುತ್ತದೆ; ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಬೆರಳು ಕೂತರೆ ಚಿಮಟ ಸರಿ. ಅಳತೆಯ ವರ್ನಿಯರ್ ಹಿಡಿದು ನಿಂಗಣ್ಣ ಹಿಂದೆ ಬಿದ್ದರೆ ನಗುತ್ತಿದ್ದ. "ಅದರ ಸ್ಕ್ರೂ ಸಡಿಲ ಆಗತೈತಿ, ನಿಂಗ್ಯಾ. ಈ ಹೆಬ್ಬೆಟ್ಟಿಗೆ ಸ್ಕ್ರೂನ ಇಲ್ಲ."

ಭಾದ್ರಪದ ಮುಗಿಯುವ ಹೊತ್ತಿಗೆ ಎರಡು ಹೊಸ ಚಿಮಟಗಳು ವಾಪಸು ಬಂದವು. ಕಳಿಸಿದವರು ಡಾಕ್ಟರ್ ಶೈಲಾ. ವಿಲೆ ಪಾರ್ಲೆಯ ಒಂದು ಆಸ್ಪತ್ರೆಯಲ್ಲಿ ಇದೇ ಆಪರೇಷನ್ ಮಾಡುವವರು. ತಾಯಿಯ ಕಡೆಯಿಂದ ಧಾರವಾಡ, ಹುಟ್ಟಿದ್ದು ಬೆಳೆದದ್ದು ಮುಂಬಯಿ. ಮೊಟ್ಟಮೊದಲ ಮೂಗಿನ ಚಿಮಟವನ್ನು ಹನ್ನೊಂದು ವರ್ಷದ ಕೆಳಗೆ ಇವರಿಂದ ಮಾಡಿಸಿಕೊಂಡವರೇ ಅವರು. ಆಗ ವಾರಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂಡುತ್ತಿದ್ದರು. ಕೊರೊನಾದ ನಂತರ ಎಲ್ಲ ಫೋನು, ಕೊರಿಯರ್.

ಹಾಲವ್ವ ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದಳು.

"ಚಾಂದಭಾಯಿ, ಲೇಪ ಫಸ್ಟ್ ಕ್ಲಾಸ್ ಇದೆ. ಆದ್ರೆ ಮೊನೆ ಜಾಸ್ತಿ ತೆರೀತದೆ," ಎಂದರು ಡಾಕ್ಟರು. "ಒಳಗೆ ಅಷ್ಟು ಜಾಗ ಎಲ್ಲಿದೆ? ಬಾಜೂನಲ್ಲೇ ದೊಡ್ಡ ರಕ್ತನಾಳ. ನಾನು ಪೂರಾ ಟೈಮ್ ಅರ್ಧ ಒತ್ತಿ ಹಿಡೀಬೇಕು. ಕೈ ಸೋಲ್ತದೆ. ಬ್ಲೀಡಿಂಗ್ ಆದಾಗ ಸೋತ ಕೈ ಇಟ್ಕೊಂಡು ಏನು ಮಾಡ್ಲಿ?"

"ಅದ ಅಳತಿ, ಡಾಕ್ಟರಬಾಯಿ. ಒಂದ ಕೂದಲ ಫರಕ್ ಇಲ್ಲ."

"ನನ್ನ ಹಳೇದು ಕೈಯಲ್ಲಿ ಹೀಗೆ ಕೂಡ್ತದೆ. ಇದು ಕೂಡೋದಿಲ್ಲ."

ಫೋನು ಇಟ್ಟ ಮೇಲೆ ಚಾಂದಸಾಬ ಎರಡು ಚಿಮಟಗಳನ್ನೂ ಎತ್ತಿ ಹೆಬ್ಬೆರಳು ಇಟ್ಟು ನೋಡಿದ. ಸರಿಯಾಗಿ ಕೂತಿತು. ಹಾಲವ್ವನ ಕಡೆ ಹಿಡಿದು ತೋರಿಸಿದ.

"ನೋಡ್ರಿ ವೈನಿ. ಡಾಕ್ಟರಬಾಯಿ ಕೈಗೆ ವಯಸ್ಸಾಗಾಕತ್ತೈತಿ. ಅದನ್ನ ಹೆಂಗ ಹೇಳೂದು ಹೆಣ್ಣಮಗಳಿಗೆ?"

"ನಿಮಗೇನು ವಯಸ್ಸು ಆಗಾಕತ್ತಿಲ್ಲ, ಭಾಯಿ?"

"ನನಗ ಆಗೇ ಮುಗದೈತಿ."

ಅವನ ನಗು ಈಚೆಗೆ ಗವಿಯೊಳಗಿಂದ ಬಂದಂತೆ ದಪ್ಪಗಾಗಿತ್ತು. ನಗುವಾಗ ಮುಂದಿನ ಹಲ್ಲುಗಳ ನಡುವೆ ಸಂದು ಕಾಣುತ್ತಿತ್ತು. ಹಾಲವ್ವನಿಗೆ ಅದು ದಿನವೂ ಕಾಣುವ ಮುಖ.

ಮಹಾನವಮಿಯ ದಿನ ಕಾರ್ಖಾನೆಯಲ್ಲಿ ಖಂಡೆಪೂಜೆ. ಊರಲ್ಲಿ ಕುಡುಗೋಲು, ಕೊಡಲಿಗೆ ಪೂಜೆಯಾದರೆ ಇಲ್ಲಿ ಅರ, ಇಕ್ಕಳ, ಲೇಥ್ ಮಷೀನಿಗೆ. ಹೂವಿನ ಹಾರ ತರುವವನು ಚಾಂದಸಾಬ, ಕಾಯಿ ಒಡೆಯುವವಳು ಹಾಲವ್ವ. ನಿಂಗಣ್ಣ ಇದಕ್ಕೂ ಒಂದು ಪದ್ಧತಿ ಇಟ್ಟಿದ್ದ: ಖಂಡೆಪೂಜೆಯ ಮಾರನೆಯ ದಿನ ಮಾಡಿದ ಮೊದಲ ಮೂಗಿನ ಚಿಮಟವನ್ನು ಮಾರುವಂತಿಲ್ಲ. ವರ್ಷ ಬರೆದ ಚೀಟಿ ಕಟ್ಟಿ ತಗಡಿನ ಪೆಟ್ಟಿಗೆಯಲ್ಲಿಡಬೇಕು, ಮುಂದಿನ ವರ್ಷ ಪೂಜೆಗೆ ತೆಗೆಯಬೇಕು. ಹಾಗೆ ಹನ್ನೊಂದು ಕೂಡಿದ್ದವು.

ಪೂಜೆಯ ಹಿಂದಿನ ಮಧ್ಯಾಹ್ನ ಚಾಂದಸಾಬ ನಮಾಜಿಗೆ ಹೋಗಿದ್ದಾಗ ಹಾಲವ್ವ ಪೆಟ್ಟಿಗೆ ತೆರೆದು ಕುಳಿತಳು. ಒಂದೊಂದನ್ನೇ ಮಲ್ಲಿನ ಬಟ್ಟೆಯಿಂದ ಒರೆಸಿ ಕೆಂಪು ವಸ್ತ್ರದ ಮೇಲೆ ವರ್ಷದ ಪ್ರಕಾರ ಸಾಲಾಗಿ ಇಟ್ಟಳು. ಪ್ರತಿ ವರ್ಷ ಅವುಗಳನ್ನು ಬೀಸಣಿಗೆಯ ಹಾಗೆ ದುಂಡಗೆ ಇಡುತ್ತಿದ್ದಳು. ಈ ಸಲ ಹೊಸ ಲೇಥ್ ಬಂದು ಮೇಜಿನಲ್ಲಿ ಜಾಗವಿರಲಿಲ್ಲ, ಅದಕ್ಕೆ ಉದ್ದ ಸಾಲು. ಇಟ್ಟು, ಹಿಂದೆ ಸರಿದು ನೋಡಿದಳು.

ಹಿಡಿಗಳು ಎಡದಿಂದ ಬಲಕ್ಕೆ ಅಗಲವಾಗುತ್ತ ಹೋಗಿದ್ದವು.

ಮೊದಲಿನ ನಾಲ್ಕು ಒಂದೇ ಅಚ್ಚು. ಐದನೆಯದು ಅನುಮಾನ. ಆಮೇಲೆ ಒಂದಕ್ಕಿಂತ ಒಂದು ಚೂರು ಚೂರೇ ಬಾಯಿ ಬಿಟ್ಟಿದ್ದವು. ಕೊನೆಯದನ್ನು ಮೊದಲನೆಯದರ ಪಕ್ಕ ಇಟ್ಟರೆ ತಾಯಿ ಹಕ್ಕಿ, ಮರಿ ಹಕ್ಕಿ. ಹಾಲವ್ವ ಗಂಡನ ಡ್ರಾಯರಿನಿಂದ ವರ್ನಿಯರ್ ತೆಗೆದಳು. ಮೊದಲನೆಯದು ಹತ್ತೊಂಬತ್ತು ಮಿಲಿಮೀಟರ್. ಹನ್ನೊಂದನೆಯದು ಇಪ್ಪತ್ತನಾಲ್ಕು. ಡಾಕ್ಟರು ವಾಪಸು ಕಳಿಸಿದ ಎರಡೂ ಇಪ್ಪತ್ತನಾಲ್ಕೂವರೆ.

ಕೈಲಿ ವರ್ನಿಯರ್ ಹಿಡಿದೇ ಅವಳು ಕುರ್ಚಿಯಲ್ಲಿ ಕೂತಳು. ಅಳತೆ ಬದಲಾಗಿರಲಿಲ್ಲ ಎಂದು ಚಾಂದಸಾಬ ಹೇಳಿದ್ದು ಸುಳ್ಳಲ್ಲ. ಹೆಬ್ಬೆರಳು ಪ್ರತಿ ಸಲ ಸರಿಯಾಗಿಯೇ ಕೂತಿತ್ತು. ಬೆಳೆದದ್ದು ಹೆಬ್ಬೆರಳು. ಅರವತ್ತು ದಾಟಿದ ಮನುಷ್ಯನ ಹೆಬ್ಬೆರಳು ಬೆಳೆಯುತ್ತದೆಯೇ?

ಆಗ ಒಂದೊಂದಾಗಿ ನೆನಪಾಗತೊಡಗಿತು. ಮೂರು ವರ್ಷದ ಕೆಳಗೆ ಚಾಂದಸಾಬ ಬೆರಳಿನ ಬೆಳ್ಳಿಯುಂಗುರವನ್ನು ಕತ್ತರಿಸಿ ತೆಗೆಸಿದ್ದ. "ಬಿರಿಯಾನಿ ಉಂಗರಕ್ಕೂ ಹತ್ತೈತಿ" ಎಂದು ನಕ್ಕಿದ್ದ. ಅವನ ಹೆಂಡತಿ ನಜಮುನ್ನೀಸಾ ಒಮ್ಮೆ ಸ್ಟೇಷನ್ ಹತ್ತಿರ ಸಿಕ್ಕಾಗ ಅವಳ ಚೀಲದಲ್ಲಿ ಹತ್ತನೇ ನಂಬರಿನ ಚಪ್ಪಲಿಗಳಿದ್ದವು. "ಎಂಟನೇ ನಂಬರ ಒತ್ತತೈತಿ, ಆದ್ರ ಬಾಯಿಬಿಟ್ಟು ಹೇಳೂದಿಲ್ಲ, ಅಕ್ಕಾ. ನಾನ ಬದಲಿ ಮಾಡಿ ಅದ ಜಾಗಾದಾಗ ಇಟ್ಟಬಿಡತೀನಿ" ಎಂದಿದ್ದಳು. ಅಂಗಿಯ ಗುಂಡಿಗಳನ್ನು ಬೆರಳಿಗೆ ಸಿಗುವಂತೆ ದೊಡ್ಡವು ಹೊಲಿದದ್ದೂ ಅವಳೇ.

ತಾನೇನು ಮಾಡಿದ್ದಳು? ಚಾಂದಸಾಬನ ಚಹಾದ ಗ್ಲಾಸು ಮೊದಲಿನಿಂದ ಅವನ ಬಲಗಡೆ, ಅರಗಳ ಡಬ್ಬಿಯ ಪಕ್ಕ ಇರುತ್ತಿತ್ತು. ಎರಡು ವರ್ಷದಿಂದ ಮೇಲಿಂದ ಮೇಲೆ ಅವನ ಮೊಣಕೈ ತಗುಲಿ ಚೆಲ್ಲುತ್ತಿತ್ತು. ಅವನಿಗೆ ಮುಜುಗರವಾದೀತೆಂದು ಹಾಲವ್ವ ಏನೂ ಹೇಳದೆ ಗ್ಲಾಸನ್ನು ಅವನ ಕಣ್ಣಿನ ನೇರಕ್ಕೆ, ಮುಂದೆ ಇಡಲು ಶುರುಮಾಡಿದಳು. ಅವನೂ ಏನೂ ಕೇಳಿರಲಿಲ್ಲ.

ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಒಂದೊಂದು ತೇಪೆ ಹಾಕಿ ಅದನ್ನು ಮುಚ್ಚಿಬಿಟ್ಟಿದ್ದರು. ಏನನ್ನು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಪೂಜೆ ಮುಗಿದ ಎರಡನೆಯ ದಿನ ಹನ್ನೊಂದು ಚಿಮಟಗಳನ್ನೂ ಕೆಂಪು ವಸ್ತ್ರದಲ್ಲೇ ಸುತ್ತಿ, ವಾಪಸು ಬಂದ ಚಿಮಟಗಳ ವಿಷಯ ಮಾತಾಡಿಬರುವ ನೆಪ ಹೇಳಿ ಅವಳು ವಿಲೆ ಪಾರ್ಲೆಗೆ ಹೋದಳು. ಡಾಕ್ಟರ್ ಶೈಲಾ ಓಪಿಡಿ ಮುಗಿಸಿ ಬಿಸ್ಕತ್ತು ತಿನ್ನುತ್ತಿದ್ದರು. ಹಾಲವ್ವ ಮಾತಾಡದೆ ಮೇಜಿನ ಮೇಲೆ ಬಟ್ಟೆ ಬಿಚ್ಚಿ ಸಾಲು ಹಚ್ಚಿದಳು. ಹಿಡಿಯ ಸಂದನ್ನು ಚಾಂದಸಾಬ ಹೇಗೆ ಅಳೆಯುತ್ತಾನೆಂದೂ ಹೇಳಿದಳು.

ಡಾಕ್ಟರ ಕೈಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನೋಡಿದರು. ಅವರು ಚಿಮಟದ ಬಗ್ಗೆ ಏನೂ ಕೇಳಲಿಲ್ಲ.

"ಆಂಟಿ, ಅವರ ಉಂಗುರ, ಚಪ್ಪಲ್... ಸೈಜ್ ಬದಲಾಗಿದೆ ಕ್ಯಾ?"

"ಆಗೇತ್ರಿ."

"ಬಾಜೂನಲ್ಲಿ ಇಟ್ಟಿದ್ದು ಬೀಳಿಸ್ತಾರಾ?"

ಹಾಲವ್ವ ಹೌದೆಂದು ತಲೆಯಾಡಿಸಿದಳು. ಡಾಕ್ಟರು ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟರು.

"ಪಿಟ್ಯುಟರಿಯಲ್ಲಿ ಒಂದು ತರಹದ ಗಡ್ಡೆ ಆದ್ರೆ ಕೈ ಕಾಲು ಮುಖ ನಿಧಾನ ಬೆಳೀತವೆ. ಎಷ್ಟು ನಿಧಾನ ಅಂದ್ರೆ ಮನೆಯವರಿಗೆ ಗೊತ್ತೇ ಆಗೋದಿಲ್ಲ. ಗಡ್ಡೆ ದೊಡ್ಡದಾದ್ರೆ ಕಣ್ಣಿನ ನರ ಒತ್ತುತ್ತದೆ, ಆಜೂಬಾಜೂದು ಕಾಣೋದು ನಿಲ್ತದೆ. ಟೆಸ್ಟ್ ಮಾಡದೆ ಹೇಳೋದಿಲ್ಲ. ಆದ್ರೆ ನೀವು ತಂದಿರೋದು..." ಅವರು ಸಾಲಿನ ಕಡೆ ಕೈ ಮಾಡಿದರು. "ಇಷ್ಟು ಸಾಫ್ ರಿಪೋರ್ಟ್ ನಾನು ನೋಡಿಲ್ಲ."

ರಕ್ತಪರೀಕ್ಷೆ, ಸ್ಕ್ಯಾನು, ಕಣ್ಣಿನ ಪರೀಕ್ಷೆ ಎಲ್ಲ ಹತ್ತು ದಿನದೊಳಗೆ ಆದವು. ಗಡ್ಡೆ ಇತ್ತು. ಎರಡೂ ಕಣ್ಣಿನ ಹೊರಮಗ್ಗುಲು ಮಬ್ಬಾಗಿತ್ತು. ಬೇಗ ತೆಗೆಯದಿದ್ದರೆ ಮಬ್ಬು ನಡುವಿಗೂ ಬರುತ್ತದೆ, ಹೋದ ದೃಷ್ಟಿ ತಿರುಗಿ ಬರುವುದು ಖಾತ್ರಿಯಿಲ್ಲ ಎಂದರು ಡಾಕ್ಟರು.

ಹಿಡಿಗಳ ಸಾಲನ್ನು ಹಾಲವ್ವ ಚಾಂದಸಾಬನಿಗೂ ತೋರಿಸಿದಳು. ಅವನು ಮೊದಲು ಹೇಳಿದ ಮಾತು, "ಎರಡು ವರ್ಷದಾಗ ಹ್ವಾದ ಪೀಸ್ ಎಲ್ಲಾ ವಾಪಸ್ ತರಸ್ರಿ, ವೈನಿ" ಎಂದು. ಅವಳು ಪಟ್ಟಿ ಹಿಡಿದು ಐದು ಆಸ್ಪತ್ರೆಗಳಿಗೆ ಫೋನು ಮಾಡಿದಳು. ಕಾರಣ ಏನೆಂದು ಕೇಳಿದವರಿಗೆ ಅವನೇ ಫೋನು ಇಸಿದುಕೊಂಡು, "ತಪ್ಪು ನನ್ನ ಕೈದು" ಎಂದು ಹೇಳಿದ.

ಆದರೆ ಆಪರೇಷನ್ನಿಗೆ ಒಲ್ಲೆನೆಂದ.

ನಜಮುನ್ನೀಸಾ ಅತ್ತಳು, ಬೈದಳು, ಮಾತು ಬಿಟ್ಟಳು. ಕೊನೆಗೆ ಒಂದು ಮಧ್ಯಾಹ್ನ ಕಾರ್ಖಾನೆಗೇ ಬಂದು ಸ್ಟೂಲಿನ ಮೇಲೆ ಕೂತಳು. "ಅಕ್ಕಾ, ನೀನ ಕೇಳ. ಇಡೀ ದುನಿಯಾದ ಮೂಗಿನಾಗ ಹಾಕಾಕ ಚಿಮಟಾ ಮಾಡ್ಯಾನ. ತನ್ನ ಮೂಗು ಅಂದ್ರ ಮಾತ್ರ ಮಹಾರಾಜಂದು."

ಚಾಂದಸಾಬ ಕೆಲಸದಿಂದ ತಲೆ ಎತ್ತಲಿಲ್ಲ. "ಬ್ಯಾರೆ ಮಂದಿಗೆ ಗೊತ್ತಿರೂದಿಲ್ಲ, ಅದಕ್ಕ ಹೂಂ ಅಂತಾರ. ನನಗ ಗೊತ್ತೈತಿ." ಅವನು ಗೋಡೆಗೆ ತೂಗುಹಾಕಿದ್ದ ಸಾಮಾನುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. "ಈ ಚಿಮಟಾ ಯಾತಕ್ಕ? ರಕ್ತ ನಿಲ್ಲಲಿಲ್ಲಾ ಅಂದ್ರ. ಈ ಸಣ್ಣ ನಳಿಗಿ ಯಾತಕ್ಕ? ರಕ್ತ ತುಂಬಿ ಏನೂ ಕಾಣಲಿಲ್ಲಾ ಅಂದ್ರ. ಈ ಚಮಚಾ? ಮಿದುಳಿನ ನೀರು ಮೂಗಿನಾಗಿಂದ ಸೋರಾಕ ಹತ್ತಿದ್ರ, ಹೊಟ್ಟಿಯಿಂದ ಚೂರು ಕೊಬ್ಬು ತಗದು ಅಲ್ಲಿ ತುಂಬಾಕ. ನಾ ಮಾಡಿದ ಒಂದೊಂದು ಸಾಮಾನೂ ಒಂದೊಂದು ಅನಾಹುತಕ್ಕ ಐತಿ. ಮುವ್ವತ್ತು ವರ್ಷ ನಾ ಅನಾಹುತನ ಮಾಡಕೋತ ಕುಂತೀನಿ."

"ಅನಾಹುತ ತಡೆಯೂದು ಮಾಡಕೋತ ಕುಂತೀರಿ," ಎಂದಳು ಹಾಲವ್ವ.

"ಎರಡೂ ಒಂದ ಮಾತು, ವೈನಿ."

"ಕಣ್ಣು?"

"ಮುಂದಿಂದು ಕಾಣತೈತಲ್ಲ. ನನಗ ಬೇಕಾಗಿದ್ದು ಮುಂದಿಂದ."

ನಜಮುನ್ನೀಸಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ಅವನು ಹೇಳಿದ್ದು ಸುಳ್ಳಲ್ಲ ಎನಿಸಿತು ಹಾಲವ್ವನಿಗೆ. ಅವನ ಮುಂದಿನದೆಲ್ಲ ಅವನಿಗೆ ಕಾಣುವಂತೆ ಇಟ್ಟವರೇ ತಾವು.

ನಾಲ್ಕು ಗಂಟೆಗೆ ಚಹಾ ಬಂತು. ಹಾಲವ್ವ ಒಂದು ಗ್ಲಾಸಿಗೆ ಅರ್ಧ ಮಾತ್ರ ಬಗ್ಗಿಸಿ, ಉಗುರುಬೆಚ್ಚಗಾಗುವವರೆಗೆ ಕಾದಳು. ಬಲಗಡೆಯ ರೇಖಾಚಿತ್ರದ ಕಾಗದಗಳನ್ನು ತೆಗೆದು ದೂರವಿಟ್ಟಳು. ಆಮೇಲೆ ಗ್ಲಾಸನ್ನು ಮುಂಚಿನ ಜಾಗದಲ್ಲಿ, ಅರಗಳ ಡಬ್ಬಿಯ ಪಕ್ಕ ಇಟ್ಟು ತನ್ನ ಕುರ್ಚಿಗೆ ಬಂದು ಕೂತಳು.

"ಚಹಾ ಬರಲಿಲ್ಲೇನು?" ಎಂದ ಚಾಂದಸಾಬ ಸ್ವಲ್ಪ ಹೊತ್ತಿಗೆ.

"ಬಂದೈತಿ. ನಿಮ್ಮ ಬಾಜೂಕ ಇಟ್ಟೀನಿ."

ಅವನು ತಿರುಗಿದ. ಮೊಣಕೈ ತಗುಲಿ ಗ್ಲಾಸು ಉರುಳಿತು. ಚಹಾ ಮೇಜಿನ ಅಂಚಿನವರೆಗೆ ಹರಿದು ತೊಟ್ಟಿಕ್ಕತೊಡಗಿತು. ಚಾಂದಸಾಬ ಅದನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಮುಂದಿನ ಖಾಲಿ ಜಾಗವನ್ನು, ಮೇಜಿನ ಮೇಲೆ ಗ್ಲಾಸಿನ ತಳ ಎರಡು ವರ್ಷದಿಂದ ಮೂಡಿಸಿದ್ದ ದುಂಡನೆಯ ಕಲೆಯನ್ನು ನೋಡಿದ.

"ಇಷ್ಟು ದಿನಾ ನೀವು ಸರಸಿ ಸರಸಿ ಇಡತಿದ್ದಿರಿ?"

"ಹೌದ್ರಿ."

"ಯಾಕ ಹೇಳಲಿಲ್ಲ?"

"ಅದ ತಪ್ಪಾತು, ಭಾಯಿ. ಅಂಥಾ ಉಪಕಾರ ಇನ್ನ ನಾ ಮಾಡೂದಿಲ್ಲ."

ಅವನು ಹತ್ತಿಯ ಚಿಂದಿ ತೆಗೆದುಕೊಂಡು ಮೇಜು ಒರೆಸಿದ. ಆಮೇಲೆ ಅರ ಹಿಡಿದು ಮತ್ತೆ ಕೆಲಸಕ್ಕೆ ಬಗ್ಗಿದ. ತಪ್ಪು ಮಾಡಿದೆನೋ ಎಂದು ಬಸ್ಸಿನಲ್ಲಿ ಹಾಲವ್ವನಿಗೆ ಮುಲುಂಡ್ ಬರುವವರೆಗೂ ಕಳವಳ. ಕಂಡಕ್ಟರು ಎರಡು ಸಲ ಟಿಕೇಟು ಕೇಳಬೇಕಾಯಿತು.

ಮೂರನೆಯ ದಿನ ಕೊರಿಯರಿನಲ್ಲಿ ಒಂದು ಸಣ್ಣ ಡಬ್ಬಿ ಬಂತು. ಒಳಗೆ ಡಾಕ್ಟರ್ ಶೈಲಾ ಅವರ ಹಳೆಯ ಚಿಮಟ, ಹನ್ನೊಂದು ವರ್ಷದ್ದು. ವರ್ಷಕ್ಕೊಮ್ಮೆ ಅದು ಲೇಪ ಹಾಕಿಸಿಕೊಳ್ಳಲು ಬರುತ್ತಿತ್ತು. ಜೊತೆಗೊಂದು ಚೀಟಿ, ಓರೆಕೋರೆ ಕನ್ನಡದಲ್ಲಿ: "ಚಾಂದಭಾಯಿ, ಇದರಿಂದಲೇ ಆಪರೇಷನ್ ಮಾಡುವ ಇಚ್ಛೆ ಇದೆ. ಯಾರದು ಅಂತ ಬರೆಯುವುದಿಲ್ಲ. ಯಾವಾಗ ಅಂತ ನೀವು ಹೇಳಿ."

ಚಾಂದಸಾಬ ಚೀಟಿಯನ್ನು ಎರಡು ಸಲ ಓದಿ ಅಂಗಿಯ ಜೇಬಿಗೆ ಹಾಕಿಕೊಂಡ. ಚಿಮಟದ ಹಿಡಿಯೊಳಗೆ ಹೆಬ್ಬೆರಳು ಇಟ್ಟು ನೋಡಿದ. ಹೋಗಲಿಲ್ಲ. ಒತ್ತಲಿಲ್ಲ, ಹಾಗೇ ತೆಗೆದ. ಹಳೆಯ ಲೇಪ ಕೆರೆದು, ಉಜ್ಜಿ, ಹೊಸದು ಬಳಿದು ಭಟ್ಟಿಗೆ ಹಾಕಿದ. ಬೆರಳು ಜೋಮು ಹಿಡಿದರೆ ನಡುನಡುವೆ ಕೈ ಕೊಡವುತ್ತಿದ್ದ. ಸಂಜೆ ಆರಿದ ಚಿಮಟವನ್ನು ತಂದು ಹಾಲವ್ವನ ಮುಂದಿಟ್ಟು, ಎಂದೂ ಇಲ್ಲದವನು ಅಲ್ಲೇ ನಿಂತ.

ಅವಳು ತಂತಿ ಸಿಕ್ಕಿಸಿ, ಟೊಪ್ಪಿಗೆ ತೊಡಿಸಿ, ಉಪ್ಪುನೀರಿಗೆ ಇಳಿಸಿದಳು. ಪೆಟ್ಟಿಗೆ ಸುಮ್ಮನಿತ್ತು. ಎರಡನೆಯ ಸಲ, ಇನ್ನೂ ನಿಧಾನವಾಗಿ, ತಿರುಗಿಸುತ್ತ ಇಳಿಸಿದಳು. ಸುಮ್ಮನಿತ್ತು. ಅವಳು ತಂತಿ ಬಿಚ್ಚಲು ಹೋದಳು.

"ಇನ್ನೊಂದ ಸಲ ನೋಡ್ರಿ, ವೈನಿ," ಎಂದ ಚಾಂದಸಾಬ.

ಹಾಲವ್ವ ತಲೆ ಎತ್ತಿ ಅವನ ಮುಖ ನೋಡಲಿಲ್ಲ. ಮೂರನೆಯ ಸಲ ಇಳಿಸಿದಳು. ಬಗ್ಗಿದ ಜಾಗದ ಹತ್ತಿರ ಬಂದಾಗ ಪೆಟ್ಟಿಗೆ ಸೊಳ್ಳೆಯ ಹಾಗೆ ಒಂದು ಚಣ ಗುಂಯ್ ಅಂದಿತು. ಇಬ್ಬರೂ ಕೇಳಿದರು.

"ತರ್ರಿ ಇಲ್ಲಿ," ಎಂದು ಅವನು ಕೈ ನೀಡಿದ. "ಸಿಕ್ಕಿದ ತೂತು ಮುಚ್ಚಾಕ ಬರತೈತಿ. ನಾಳಿಗೆ ಮತ್ತ ಹಾಕತೀನಿ. ಡಾಕ್ಟರಬಾಯಿಗೆ ಫೋನ್ ಹಚ್ಚರಿ, ಸೋಮವಾರ ಅಂತ ಹೇಳ್ರಿ."

ಮಾರನೆಯ ದಿನ ಹೊಸ ಲೇಪವನ್ನು ಆರು ಸಲ ಪರೀಕ್ಷಿಸಿದರು. ಪೆಟ್ಟಿಗೆ ಉಸಿರೆತ್ತಲಿಲ್ಲ. ಮನೆಗೆ ಹೊರಡುವ ಮುಂಚೆ ಚಾಂದಸಾಬ ಲೇಥಿನ ಮೇಲೆ ಒಂದು ಹಿತ್ತಾಳೆಯ ತುಂಡು ಕಟ್ಟಿ ತಿರುವಿದ. ಅವನು ಹೇಳಿದ್ದಕ್ಕೆ ಹಾಲವ್ವ ಪಕ್ಕದಲ್ಲಿ ವರ್ನಿಯರ್ ಹಿಡಿದು ನಿಂತಳು. ಹತ್ತೊಂಬತ್ತು ಮಿಲಿಮೀಟರಿಗೆ ನಿಲ್ಲಿಸಿ, ಅಂಚು ಸವರಿ, ಬೆಚ್ಚಗಿದ್ದಾಗಲೇ ಅವಳ ಅಂಗೈಯಲ್ಲಿ ಇಟ್ಟ. ಗುಂಡನೆಯ, ಬೆರಳುದ್ದದ ತುಂಡು.

"ಇನ್ಮ್ಯಾಲೆ ಇದ ನನ್ನ ಹೆಬ್ಬೆಟ್ಟು. ನಿಂಗ್ಯಾ ಇದ್ದಿದ್ರ ನಗತಿದ್ದ."

"ನಗತಿದ್ದರು. ಆಮ್ಯಾಲೆ ಅದನ್ನೂ ಎರಡು ಸಲ ಅಳೀತಿದ್ದರು."

ಸೋಮವಾರ ನಾಲ್ಕು ತಾಸು ಹಿಡಿಯಿತು. ಹಾಲವ್ವ, ನಜಮುನ್ನೀಸಾ ಆಸ್ಪತ್ರೆಯ ಮೂರನೆಯ ಮಾಳಿಗೆಯ ಬೆಂಚಿನ ಮೇಲೆ ಕೂತಿದ್ದರು. ಒಬ್ಬಳ ಕೈಯಲ್ಲಿ ತಸಬೀಹಿನ ಮಣಿಸರ, ಇನ್ನೊಬ್ಬಳ ಕೈ ಕೊರಳಿನ ಲಿಂಗದ ಕರಡಿಗೆಯ ಮೇಲೆ. ಡಾಕ್ಟರು ಹೊರಗೆ ಬಂದು ಟೊಪ್ಪಿಗೆ ತೆಗೆದಾಗ ಹಣೆಯ ಮೇಲೆ ಅದರ ಗೆರೆ ಮೂಡಿತ್ತು.

"ಗಡ್ಡೆ ಹೊರಗೆ ಬಂತು. ಒಂದು ಕಡೆ ರಕ್ತ ಜೋರಾಗಿ ಬಂತು, ನಿಲ್ತು. ಚಿಮಟ ಚೆನ್ನಾಗಿ ಕೆಲಸ ಮಾಡ್ತು," ಎಂದರು. "ಕೊನೆಗೆ ಸ್ವಲ್ಪ ನೀರು ಸೋರ್ತಾ ಇತ್ತು. ಹೊಟ್ಟೆಯಿಂದ ಕೊಬ್ಬು ತೆಗೆದು ಮುಚ್ಚಿದೀನಿ. ಅದು ಹಿಡೀತೋ ಇಲ್ವೋ ಅಂತ ಮೂರನೇ ದಿನ ನೋಡೋಣ. ಅಲ್ಲಿವರೆಗೆ ಸೀನಬಾರ್ದು, ಮೂಗು ಸೀಟಬಾರ್ದು."

ನಜಮುನ್ನೀಸಾ ಅವರ ಎರಡೂ ಕೈ ಹಿಡಿದುಕೊಂಡಳು. ಹಾಲವ್ವ ಆ ಕೈಗಳನ್ನೇ ನೋಡಿದಳು. ಸಣ್ಣ ಕೈಗಳು.

ಗುರುವಾರ ಹಾಲವ್ವ ಬೆಳಿಗ್ಗೆ ಏನೂ ತಿನ್ನದೆ ಹೊರಟಿದ್ದಳು. ಡಬ್ಬಿ ಕಟ್ಟಿಕೊಳ್ಳಲೂ ಕೈ ಆಡಿರಲಿಲ್ಲ. ಹಾಸಿಗೆಯಲ್ಲಿ ಚಾಂದಸಾಬ ಒರಗಿ ಕೂತಿದ್ದ. ಮೂಗಿನ ಒಳಗಿನ ಪಟ್ಟಿ ಅದೇ ಆಗ ತೆಗೆದಿದ್ದರು.

"ವಾಸನಿ ಒಂದೂ ಬರವಲ್ದು, ವೈನಿ," ಎಂದ ಅವಳನ್ನು ಕಂಡು. "ಫಿನೈಲದ್ದೂ ಇಲ್ಲ."

"ಬರ್ತದೆ, ಬರ್ತದೆ. ಒಂದೆರಡು ತಿಂಗಳು," ಎಂದು ಡಾಕ್ಟರು ಒಳಗೆ ಬಂದರು. "ಈಗ ಕಾಲು ಕೆಳಗೆ ಬಿಟ್ಟು ಕೂಡಿ. ತಲೆ ಮುಂದೆ ಬಗ್ಗಿಸಿ. ಹಾಗೇ ಇರಿ."

ಅವನು ಬಗ್ಗಿದ. ಡಾಕ್ಟರು ಮೂಗಿನ ಕೆಳಗೆ ಒಂದು ಬಿಳಿಯ ಬಟ್ಟೆ ಹಿಡಿದು ಗಡಿಯಾರ ನೋಡತೊಡಗಿದರು. ತಿಳಿನೀರು ಒಂದು ಹನಿ ಬಿದ್ದರೂ ಮುಚ್ಚಿದ್ದು ಹಿಡಿದಿಲ್ಲವೆಂದು ಅರ್ಥ. ಮತ್ತೊಮ್ಮೆ ಒಳಗೆ ಹೋಗಬೇಕು. ನಜಮುನ್ನೀಸಾ ಕಣ್ಣು ಮುಚ್ಚಿಕೊಂಡಳು. ಹಾಲವ್ವ ಮುಚ್ಚಲಿಲ್ಲ. ಸೋರಿಕೆ ನೋಡುವುದು ಅವಳ ಕೆಲಸ. ಬಿಳಿಯ ಬಟ್ಟೆಯ ಮೇಲೆ ಕಣ್ಣಿಟ್ಟು, ಉಪ್ಪುನೀರಿನ ಲೋಟದ ಮುಂದೆ ಕೂತ ಹಾಗೆಯೇ ಉಸಿರು ಹಿಡಿದು ಕೂತಳು.

ಬಟ್ಟೆ ಒಣಗಿಯೇ ಇತ್ತು.

"ಆಯ್ತು, ಏಳಿ," ಎಂದರು ಡಾಕ್ಟರು.

ಚಾಂದಸಾಬ ಹಾಗೇ ಬಗ್ಗಿಕೊಂಡಿದ್ದ. "ಇನ್ನೊಂದ ಸಲ ನೋಡ್ರಿ, ಡಾಕ್ಟರಬಾಯಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಹಾಲವ್ವನಿಗೆ ಆಯಿತು. ಅವಳು ನಗಲು ಹೋಗಿ ಕಣ್ಣೊರೆಸಿಕೊಂಡಳು. ಎರಡನೆಯ ಸಲವೂ ಹನಿ ಬೀಳಲಿಲ್ಲ. ಅವನು ಎದ್ದು ಕೂತು, ಬಲಗಡೆ ಕಿಟಕಿಯ ಹತ್ತಿರ ನಿಂತಿದ್ದ ಹೆಂಡತಿಯನ್ನು ತಲೆ ತಿರುಗಿಸದೆ ಕಣ್ಣಂಚಿನಿಂದ ನೋಡಿ, "ಅಳಬ್ಯಾಡ, ಕಾಣತೈತಿ. ಪೂರಾ ಅಲ್ಲ, ಅಳೂದು ಕಾಣತೈತಿ" ಎಂದ.

ಡಾಕ್ಟರು ಹೋದ ಮೇಲೆ ಹಾಲವ್ವ ಹೊರಗಿನ ಬೆಂಚಿಗೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ನಜಮುನ್ನೀಸಾ ಚೀಲದೊಂದಿಗೆ ಬಂದು ಪಕ್ಕದಲ್ಲಿ ಕೂತಳು. ಚೀಲದಿಂದ ಬಿಳಿ ವಸ್ತ್ರದಲ್ಲಿ ಕಟ್ಟಿದ ಒಂದು ಊಟದ ಡಬ್ಬಿ ತೆಗೆದಳು. ಗಂಟು ಬಿಚ್ಚಿದಳು. ಎರಡು ಅಂತಸ್ತಿನ ಹಳೆಯ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು: ನಿಂಗಣ್ಣ. ಕೊರೆದದ್ದು ಚಾಂದಸಾಬನ ಕೈ.

ಗಂಡ ಹೋದ ದಿನ ಆ ಡಬ್ಬಿ ಕಾರ್ಖಾನೆಯಲ್ಲೇ ಉಳಿದಿತ್ತು. ಆಮೇಲೆ ಹುಡುಕಿ, ಸಿಗದೆ, ಹಾಲವ್ವ ಅದರ ಆಸೆ ಬಿಟ್ಟಿದ್ದಳು. ಎಂಟು ವರ್ಷ ಅದು ನಜಮುನ್ನೀಸಾಳ ಮನೆಯಲ್ಲಿತ್ತು. ಡಬ್ಬಿಯಲ್ಲಿ ಒಂದು ಗೀರಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ ಹೊಳಪು. ಮಾಂಸದ ಅಡಿಗೆಗೆ ಮುಟ್ಟಿಸದೆ ಬೇರೆಯಾಗಿ ಎತ್ತಿಟ್ಟದ್ದೆಂದು ನೋಡಿದರೇ ತಿಳಿಯುತ್ತಿತ್ತು. ಮುಚ್ಚಳದ ಸಂದಿನಿಂದ ಜೋಳದ ರೊಟ್ಟಿಯ, ಎಣ್ಣೆಗಾಯಿ ಪಲ್ಲೆಯ ಬಿಸಿ ಬರುತ್ತಿತ್ತು.

ಹಾಲವ್ವ ಮುಚ್ಚಳದ ಹೆಸರಿನ ಮೇಲೆ ಬೆರಳಾಡಿಸಿದಳು. ನಜಮುನ್ನೀಸಾ ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟು, ಕೈ ತೊಳೆಯಲು ನೀರಿನ ಬಾಟಲಿಯ ಮುಚ್ಚಳ ತಿರುವತೊಡಗಿದಳು.